ಒಂಬೈನೂರ ಎಂಬತ್ತು

ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಅರ್ಧ ಗಂಟೆ ತಡವಾಯಿತು. ಪಿಯುಸಿ ಓದುವ ಮೊಮ್ಮಗಳು ಅಡುಗೆಮನೆಯ ಬಾಗಿಲಿಗೆ ಹೊಡೆದಿರುವ ತೋರಣದ ಮೊಳೆಗೆ ನೂಲು ಕಟ್ಟಿ, ಅದರ ತುದಿಗೆ ಹಿತ್ತಾಳೆಯ ಗುಂಡು ತೂಗುಬಿಟ್ಟಿದ್ದಳು. ಕಾಲೇಜಿನಲ್ಲಿ ಸರಳ ಲೋಲಕದ ಪ್ರಯೋಗವಂತೆ. ಮನೆಯಲ್ಲೇ ಒಮ್ಮೆ ಮಾಡಿ ನೋಡುವ ಹಟ. ಗುಂಡು ಹೋಗಿ ಬಂದರೆ ಒಂದು. ಹಾಗೆ ಇಪ್ಪತ್ತು ಎಣಿಸಿ ಮುಗಿಯುವವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ. ನಾನು ಹಾಲಿನ ಪಾತ್ರೆ ಹಿಡಿದು ಒಳಗೇ ನಿಂತಿದ್ದೆ.

ಆ ಗುಂಡಿಗೆ ಒಂದು ಕಥೆಯಿದೆ. ಯಾದವಗಿರಿ ಎಂದರೆ ಊರಿನವರಿಗೆ ಆಕಾಶವಾಣಿ, ರಾಮಕೃಷ್ಣ ಆಶ್ರಮ, ದೊಡ್ಡ ಮರಗಳ ನೆರಳಿನ ರಸ್ತೆಗಳು ನೆನಪಾಗುತ್ತವೆ. ನಮ್ಮ ವಯಸ್ಸಿನವರಿಗೆ ಇನ್ನೊಂದೂ ನೆನಪಾಗುತ್ತದೆ: ಜಾವಾ ಮೋಟಾರ್ ಸೈಕಲ್ ಕಾರ್ಖಾನೆ. 1961ರಿಂದ 1996ರವರೆಗೆ ಅದು ಇಲ್ಲಿತ್ತು. ಪಾಳಿ ಬಿಟ್ಟಾಗ ರಸ್ತೆ ತುಂಬ ಜನ. ನಮ್ಮ ಪಕ್ಕದ ಬೀದಿಯಲ್ಲಿದ್ದ ಒಬ್ಬರು ಅಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು. ನಾನು ಭೌತಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನಲ್ಲಿ ಲೋಲಕದ ಗುಂಡುಗಳು ಒಂದೊಂದಾಗಿ ಕಳೆದುಹೋಗಿ, ಹೊಸದಕ್ಕೆ ಇಂಡೆಂಟ್ ಹಾಕಿ ವರ್ಷವಾದರೂ ಬಾರದಿದ್ದಾಗ, ಅವರು ಒಂದು ಭಾನುವಾರ ತಮಗೆ ಗೊತ್ತಿದ್ದವರ ವರ್ಕ್‌ಶಾಪಿನಲ್ಲಿ ಕೂತು ಹಿತ್ತಾಳೆಯಲ್ಲಿ ಆರು ಗುಂಡು ತಿರುಗಿಸಿ ಕೊಟ್ಟರು. ಎರಡು ಸೆಂಟಿಮೀಟರ್ ವ್ಯಾಸ, ಮೇಲೆ ಪುಟ್ಟ ಕೊಕ್ಕೆ. ಐದನ್ನು ಕಾಲೇಜಿಗೆ ಕೊಟ್ಟೆ. ಒಂದನ್ನು ಮನೆಯಲ್ಲಿಟ್ಟುಕೊಂಡೆ. ಅದು ಕಳ್ಳತನವೇ ಎಂದು ನೀವು ಕೇಳಬಹುದು. ದುಡ್ಡು ನಾನೇ ಕೊಟ್ಟಿದ್ದೆ, ಅಷ್ಟು ಹೇಳಬಲ್ಲೆ.

ಇಪ್ಪತ್ತು ಎಣಿಸಿ ಮುಗಿಯಿತು. ಮೊಮ್ಮಗಳು ಮೊಬೈಲಿನಲ್ಲಿ ಸಮಯ ನೋಡಿದಳು, ಕಾಗದದ ಮೇಲೆ ಲೆಕ್ಕ ಹಾಕಿದಳು, ಮುಖ ಸಣ್ಣದು ಮಾಡಿಕೊಂಡಳು.

"ಅಜ್ಜಿ, 9.67 ಬಂತು. 9.8 ಬರಬೇಕಿತ್ತು."

ಹೇಳುತ್ತ ಹೇಳುತ್ತಲೇ ಅವಳ ಎಡಗೈ ರಬ್ಬರಿನ ಕಡೆ ಹೋಯಿತು. ಆ ಕೈಯನ್ನು ನೋಡಿ ನನಗೆ ಕಾಫಿ ಮರೆತುಹೋಯಿತು.

ನಮ್ಮ ಕಾಲದಲ್ಲಿ ಅದು 9.8 ಅಲ್ಲ, 980. ಮೀಟರು ಇನ್ನೂ ಬಂದಿರಲಿಲ್ಲ, ಎಲ್ಲವೂ ಸೆಂಟಿಮೀಟರಿನಲ್ಲಿ. ಮೇಲಿನಿಂದ ಬಿಟ್ಟ ವಸ್ತುವಿನ ವೇಗ ಸೆಕೆಂಡು ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬ ಸಂಖ್ಯೆ ಅದು. ಭೂಮಿ ನಮ್ಮನ್ನು ಎಷ್ಟು ಬಲವಾಗಿ ಎಳೆಯುತ್ತಿದೆ ಎಂಬುದರ ಅಳತೆ. 'ಜಿ' ಎಂಬ ಒಂದೇ ಅಕ್ಷರ. ಲೋಲಕದ ಉದ್ದ ಮತ್ತು ಅದು ಒಮ್ಮೆ ಹೋಗಿಬರುವ ಕಾಲ, ಇವೆರಡು ತಿಳಿದರೆ ಜಿ ಸಿಗುತ್ತದೆ. ಒಂದು ನೂಲು, ಒಂದು ಗುಂಡು, ಒಂದು ಗಡಿಯಾರದಿಂದ ಭೂಮಿಯ ಎಳೆತವನ್ನೇ ಅಳೆಯಬಹುದು ಎಂದರೆ ಎಂಥ ಸೋಜಿಗ! ಆ ಸೋಜಿಗ ನನಗೆ ಆಗಲೇ ಇಲ್ಲ. ಕಾರಣ ಕೇಳಿ.

ನಾನು ಬಿ.ಎಸ್‌ಸಿ. ಓದಿದ್ದು 1960ರ ದಶಕದ ಕೊನೆಯಲ್ಲಿ. ಆಗ ಪ್ರಯೋಗಶಾಲೆ ಎಂದರೆ ಗಾಜಿನ ಬಾಗಿಲಿನ ಬೀರುಗಳು. ಒಳಗೆ ವರ್ನಿಯರ್ ಕ್ಯಾಲಿಪರ್, ಸ್ಕ್ರೂಗೇಜ್, ಗ್ಯಾಲ್ವನೋಮೀಟರ್, ಹಿತ್ತಾಳೆಯಲ್ಲಿ ಫಳಫಳ ಹೊಳೆಯುವ ಸ್ಪೆಕ್ಟ್ರೋಮೀಟರ್. ಹೆಚ್ಚಿನ ಪೆಟ್ಟಿಗೆಗಳ ಮೇಲೆ ಅಂಬಾಲ ಎಂದು ಬರೆದಿರುತ್ತಿತ್ತು. ಇಂದಿಗೂ ನಮ್ಮ ದೇಶದ ಶಾಲೆ ಕಾಲೇಜುಗಳ ಉಪಕರಣಗಳಲ್ಲಿ ಎಷ್ಟೋ ಹರಿಯಾಣದ ಆ ಊರಿನಿಂದಲೇ ಬರುತ್ತವೆ. ಬೀರುವಿನ ಕೀಲಿಕೈ ಅಟೆಂಡರ್ ಹತ್ತಿರ. ಒಂದು ಉಪಕರಣಕ್ಕೆ ನಾಲ್ಕು ಹುಡುಗಿಯರು. ಒಡೆದರೆ ಬ್ರೇಕೇಜ್ ಎಂದು ದುಡ್ಡು ಕಟ್ಟಬೇಕು. ಹೀಗಾಗಿ ನಾಲ್ವರಲ್ಲಿ ಧೈರ್ಯವಂತೆ ಒಬ್ಬಳು ಮುಟ್ಟುವುದು, ಉಳಿದ ಮೂವರು ಬರೆದುಕೊಳ್ಳುವುದು. ನಾನು ಬರೆದುಕೊಳ್ಳುವವಳು. ನನ್ನ ಅಕ್ಷರ ದುಂಡಗಿತ್ತು.

ಮನೆಯಲ್ಲೂ ಹಾಗೆಯೇ ತಾನೆ? ಫ್ಯೂಸ್ ಹೋದರೆ ತಮ್ಮನನ್ನು ಕರೆಯುತ್ತಿದ್ದರು. ರೇಡಿಯೋ ಕೆಟ್ಟರೆ ಅಣ್ಣ ಬಿಚ್ಚುತ್ತಿದ್ದ. ನಾನು ಟಾರ್ಚು ಹಿಡಿದು ನಿಲ್ಲುವವಳು. ಮುಟ್ಟಬೇಡ, ಶಾಕ್ ಹೊಡೆಯುತ್ತೆ, ಮುಟ್ಟಬೇಡ, ಬಿದ್ದುಹೋಗುತ್ತೆ. ಒಂದು ದಿನಕ್ಕೆ ಹತ್ತು ಸಲ ಬಿಸಿ ಬಾಣಲೆ, ಕುದಿಯುವ ಎಣ್ಣೆ, ಈಳಿಗೆಮಣೆಯ ಅಲಗು ಮುಟ್ಟುವ ಕೈಗಳಿಗೆ ಹೇಳುತ್ತಿದ್ದ ಮಾತು ಇದು.

ಆ ಬೀರುಗಳ ನಡುವೆಯೂ ಕೆಲವು ಗಳಿಗೆಗಳು ಮನಸ್ಸಿನಲ್ಲಿ ಉಳಿದಿವೆ. ಕತ್ತಲೆಕೋಣೆಯಲ್ಲಿ ಸೋಡಿಯಂ ದೀಪ ಹಚ್ಚಿದಾಗ ಎಲ್ಲೆಲ್ಲೂ ಒಂದೇ ಹಳದಿ. ಆ ಬೆಳಕಿನಲ್ಲಿ ಕೆಂಪಿಲ್ಲವಾದ್ದರಿಂದ ಕೆಂಪು ವಸ್ತು ತನ್ನ ಬಣ್ಣ ತೋರಿಸಲಾರದು. ಗೆಳತಿಯರ ಹಣೆಯ ಕುಂಕುಮವೆಲ್ಲ ಕಪ್ಪು! ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು. ಆವತ್ತು ಕಲಿತದ್ದನ್ನು ಯಾವ ಪುಸ್ತಕವೂ ನನಗೆ ಕಲಿಸಿರಲಿಲ್ಲ. ಆದರೆ ರೆಕಾರ್ಡ್ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

ರೆಕಾರ್ಡ್ ಪುಸ್ತಕದಲ್ಲಿ ಜಾಗವಿದ್ದದ್ದು ಉತ್ತರಕ್ಕೆ. ಉತ್ತರ ಮೊದಲೇ ಗೊತ್ತು, 980. ಹಿಂದಿನ ವರ್ಷದ ಅಕ್ಕಂದಿರ ರೆಕಾರ್ಡಿನಲ್ಲಿ ಅದೇ ಇದೆ. ಹಾಗಾಗಿ ನಾವು ಕ್ಲಾರ್ಕ್ಸ್ ಟೇಬಲ್ಸ್ ಮುಂದಿಟ್ಟುಕೊಂಡು 980ರಿಂದ ಹಿಂದಕ್ಕೆ ಲೆಕ್ಕ ಹಾಕಿ, ಇಪ್ಪತ್ತು ತೂಗಾಟಕ್ಕೆ ಎಷ್ಟು ಸೆಕೆಂಡು ಆಗಬೇಕಿತ್ತೋ ಅಷ್ಟನ್ನು ಬರೆಯುತ್ತಿದ್ದೆವು. ಇದಕ್ಕೆ 'ಕುಕ್ ಮಾಡುವುದು' ಎಂದು ಹೆಸರು. ಅಡುಗೆ ಮಾಡುವವರಿಗೆ ಗೊತ್ತು, ಅಡುಗೆಯಲ್ಲಿ ಇಂಥ ಮೋಸ ನಡೆಯುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಹೆಚ್ಚೇ; ಕಾಗದದ ಮೇಲೆ ಸರಿಯಾಗಿದೆ ಎಂದು ಬರೆದರೆ ಯಾರೂ ಉಣ್ಣುವುದಿಲ್ಲ.

ಎಷ್ಟೋ ವರ್ಷದ ಮೇಲೆ ಒಂದು ದಿನ ಸುಮ್ಮನೆ ಲೆಕ್ಕ ಹಾಕಿ ನೋಡಿದೆ. ನಮ್ಮ ಆಗಿನ ಸ್ಟಾಪ್‌ವಾಚಿನಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಮಾತ್ರ ಓದಬಹುದಿತ್ತು. ಒಂದು ಮೀಟರ್ ಉದ್ದದ ಲೋಲಕ ಇಪ್ಪತ್ತು ಸಲ ತೂಗಲು 40 ಸೆಕೆಂಡು ತೆಗೆದುಕೊಂಡರೆ ಜಿ 987. ಮುಂದಿನ ಗೆರೆ, 40.2 ಸೆಕೆಂಡಿಗೆ 977. ಅದರ ಮುಂದಿನದಕ್ಕೆ 968. ಎಂದರೆ ಆ ಗಡಿಯಾರದಲ್ಲಿ, ಆ ಉದ್ದಕ್ಕೆ, 980 ಎಂಬ ಉತ್ತರ ಬರುವುದೇ ಸಾಧ್ಯವಿಲ್ಲ! ಆದರೂ ನಮ್ಮ ಕ್ಲಾಸಿನ ಎಲ್ಲರಿಗೂ ಬಂದಿತ್ತು. ಎಲ್ಲರಿಗೂ ಹತ್ತಕ್ಕೆ ಒಂಬತ್ತು ಅಂಕ.

ಇಷ್ಟರಲ್ಲೇ ಮುಗಿದಿದ್ದರೆ ಇದು ಹುಡುಗುತನದ ಮಾತಾಗುತ್ತಿತ್ತು. ಮುಗಿಯಲಿಲ್ಲ. ನಾನೇ ಲೆಕ್ಚರರ್ ಆದೆ.

ಬಿ.ಎಸ್‌ಸಿ. ತರಗತಿಗೆ ಕೇಟರ್ ಲೋಲಕ ಎಂಬುದೊಂದಿದೆ. ನೂಲು, ಗುಂಡಿನ ಬದಲು ಒಂದು ಲೋಹದ ಸರಳು, ಎರಡು ಕಡೆ ಚೂರಿಯಲಗಿನಂಥ ಆಧಾರ. ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ ತೂಗಿಸಿ ಕಾಲ ಅಳೆಯಬೇಕು. ಸರಳ ಲೋಲಕಕ್ಕಿಂತ ಎಷ್ಟೋ ನಿಖರ. ಇದನ್ನು ಮಾಡಿದ ಹೆನ್ರಿ ಕೇಟರ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿ 1818ರಲ್ಲಿ ಲಂಡನ್ನಿನಲ್ಲಿ ಇದರಿಂದ ಅಳತೆ ತೆಗೆದು ಹೆಸರಾದ. ಅದಕ್ಕೆ ಮೊದಲು ಅವನು ನಮ್ಮ ದಕ್ಷಿಣ ಭಾರತದಲ್ಲಿ ಲ್ಯಾಂಬ್ಟನ್ನನ ಭೂಮಾಪನ ತಂಡದಲ್ಲಿ ದುಡಿದವನು. ಬಯಲಿನಲ್ಲಿ ನಡೆದರೆ ಸೀರೆಯ ಅಂಚಿಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು ನಿಮಗೆ ಗೊತ್ತಲ್ಲ, ನಾವು ಬೈಯುತ್ತ ಒಂದೊಂದಾಗಿ ಕಿತ್ತು ಬಿಸಾಡುತ್ತೇವಲ್ಲ, ಅದರ ಊಬು ಗಾಳಿಯ ತೇವ ತಾಗಿದರೆ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಹುರಿಯಾಗುತ್ತದೆ. ಕೇಟರ್ ಆ ಊಬನ್ನೇ ಇಟ್ಟುಕೊಂಡು ಗಾಳಿಯ ತೇವ ಅಳೆಯುವ ಸೂಕ್ಷ್ಮ ಉಪಕರಣ ಮಾಡಿದ್ದ. ನಮ್ಮ ಕಾಲಡಿಯ ಹುಲ್ಲು ಅವನಿಗೆ ಉಪಕರಣ. ನಮಗೆ ಉಪಕರಣವೆಂದರೆ ಅಂಬಾಲದಿಂದ ಬಂದು ಬೀರುವಿನಲ್ಲಿ ಕೂತದ್ದು ಮಾತ್ರ.

1982ರ ಒಂದು ಮಧ್ಯಾಹ್ನ. ಪರೀಕ್ಷೆಗೆ ಎರಡು ವಾರವಿತ್ತು. ಹಳ್ಳಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ, ಹೆಚ್ಚು ಮಾತಿಲ್ಲದವಳು, ಕೇಟರ್ ಲೋಲಕದ ಮುಂದೆ ಕೂತಿದ್ದಳು. ಬೇರೆಯವರು ಐವತ್ತು ತೂಗಾಟ ಎಣಿಸಿ ಎದ್ದರೆ ಇವಳು ನೂರು ಎಣಿಸಿದಳು, ಒಂದೊಂದನ್ನೂ ಮೂರು ಸಲ. ರೈಲಿಗೆ ಹೊತ್ತಾಗುತ್ತದೆ ಎಂದು ಗೆಳತಿಯರು ಕರೆದರೂ ಏಳಲಿಲ್ಲ. ಕೊನೆಗೆ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟಳು. 978.3.

ನಾನು ಹೇಳಿದೆ: "ಎಕ್ಸ್‌ಟರ್ನಲ್ ಬರುತ್ತಾರಮ್ಮ. 980 ಮಾಡಿಕೊಂಡು ಬಾ."

ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು: "ಮಿಸ್, ಹಾಗಾದರೆ ನಾನು ಎಣಿಸಿದ್ದು ಯಾಕೆ?"

ಎದುರಾಡಿದಳೆಂದು ನನಗೆ ಸಿಟ್ಟು ಬಂತು. "ಮಾರ್ಕ್ಸ್ ಬೇಕೋ ಬೇಡವೋ?" ಎಂದೆ. ಅವಳು ರಬ್ಬರು ತೆಗೆದುಕೊಂಡಳು. ಪರೀಕ್ಷೆಯಲ್ಲಿ ಒಳ್ಳೆಯ ಅಂಕವೂ ಬಂತು. ಆಮೇಲೆ ಅವಳು ಎಲ್ಲಿಗೆ ಹೋದಳೋ ನನಗೆ ತಿಳಿಯದು.

ಇದರಲ್ಲಿ ನನಗೆ ಇಂದಿಗೂ ನಾಚಿಕೆ ತರುವ ಸಂಗತಿ ಬೇರೆಯೇ ಇದೆ. ಅದೇ ತರಗತಿಗೆ ಬೆಳಿಗ್ಗೆ ಹತ್ತು ಗಂಟೆಗೆ ನಾನೇ ಪಾಠ ಮಾಡುತ್ತಿದ್ದೆ: ಭೂಮಿ ನುಣ್ಣನೆಯ ಗುಂಡಲ್ಲ, ತನ್ನ ಸುತ್ತ ತಾನು ತಿರುಗುವುದರಿಂದ ನಡು ಸ್ವಲ್ಪ ಉಬ್ಬಿದೆ, ಆದ್ದರಿಂದ ಜಿ ಧ್ರುವದಲ್ಲಿ 983, ಭೂಮಧ್ಯರೇಖೆಯಲ್ಲಿ 978, ಎತ್ತರಕ್ಕೆ ಹೋದಂತೆ ಇನ್ನೂ ಕಡಿಮೆ. 980ಕ್ಕಿಂತ ತುಸು ಹೆಚ್ಚು ಬರುವುದು ಯೂರೋಪಿನ ನಡುಭಾಗದಂಥ 45 ಡಿಗ್ರಿ ಅಕ್ಷಾಂಶದಲ್ಲಿ. ಮೈಸೂರು ಇರುವುದು 12 ಡಿಗ್ರಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲೆ. ಇಲ್ಲಿನ ಜಿ ಸುಮಾರು 978! ಆ ಹುಡುಗಿ ತಂದದ್ದು ನಮ್ಮೂರಿನ ಉತ್ತರ. ಅಷ್ಟು ಹತ್ತಿರ ಬಂದದ್ದರಲ್ಲಿ ಅದೃಷ್ಟದ ಪಾಲೂ ಇದ್ದೀತು. ಆದರೆ ಮುನ್ನೂರು ಮುನ್ನೂರು ಸಲ ಎಣಿಸಿದ ತಾಳ್ಮೆ ಅವಳದು. ಬೆಳಿಗ್ಗೆ ಪಾಠ ಹೇಳಿದವಳು ನಾನು, ಮಧ್ಯಾಹ್ನ ಎರಡು ಗಂಟೆಗೆ ಪ್ರಯೋಗಶಾಲೆಗೆ ಬಂದು ಅದನ್ನೇ ಅಳಿಸು ಎಂದವಳೂ ನಾನು. ಎರಡನ್ನೂ ಒಂದೇ ತಲೆಯಲ್ಲಿಟ್ಟುಕೊಂಡು, ಒಂದಕ್ಕೊಂದು ತಾಗದ ಹಾಗೆ ಬದುಕಿದ್ದೆ.

ನನ್ನ ರಬ್ಬರನ್ನು ನಾನು ಕೆಳಗಿಟ್ಟದ್ದು ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ, 2005ರಲ್ಲಿ. ಮದರಾಸಿನ ಐಐಟಿಯಲ್ಲಿ ಕಲಿಸಿ, ನಿವೃತ್ತಿಯ ಮೇಲೆ ಮೈಸೂರಿನಲ್ಲಿ ನೆಲೆಸಿದ ಪ್ರೊ. ಆರ್. ಶ್ರೀನಿವಾಸನ್ ಅವರ ಹೆಸರನ್ನು ಭೌತಶಾಸ್ತ್ರದ ಅಧ್ಯಾಪಕರಲ್ಲಿ ಅನೇಕರು ಬಲ್ಲರು. ಕಾಲೇಜುಗಳ ಪ್ರಯೋಗಶಾಲೆಗಳಿಗೆಂದೇ ಅವರು ಜೊತೆಗಾರರೊಂದಿಗೆ ಸೇರಿ ಒಂದು ಉಪಕರಣ ಸಂಚನ್ನು ರೂಪಿಸಿದರು. ಬದಲಾಗದ ವಿದ್ಯುತ್ ಪ್ರವಾಹ ಕೊಡುವ ಒಂದು ಪೆಟ್ಟಿಗೆ, ಸಣ್ಣ ವೋಲ್ಟೇಜನ್ನು ದೊಡ್ಡದು ಮಾಡುವ ಇನ್ನೊಂದು, ಹೀಗೆ ಕೆಲವೇ ಪೆಟ್ಟಿಗೆಗಳು. ಅವನ್ನೇ ಅದಲು ಬದಲು ಜೋಡಿಸಿ ಹತ್ತಾರು ಪ್ರಯೋಗ ಮಾಡಬಹುದು. ನಮ್ಮಲ್ಲೇ, ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಸಂಚು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಕೂಡಿ ಅಧ್ಯಾಪಕರಿಗೆ ಇದರ ಮೇಲೆ ಎರಡು ವಾರದ ಶಿಬಿರಗಳನ್ನು ಊರೂರುಗಳಲ್ಲಿ ನಡೆಸುತ್ತಿದ್ದವು. ಅಂಥದೊಂದಕ್ಕೆ ನನ್ನನ್ನೂ ಕಳಿಸಿದರು.

ಅಲ್ಲಿ ಕೂತು ಕೇಳುವ ಪಾಠಕ್ಕಿಂತ ಕೈಯಲ್ಲಿ ಮಾಡುವ ಕೆಲಸವೇ ಹೆಚ್ಚು. ಐವತ್ತೈದರ ವಯಸ್ಸಿನಲ್ಲಿ ಮೊದಲ ಬಾರಿಗೆ ಒಂದು ಉಪಕರಣದ ಮುಂದೆ ನಾನೊಬ್ಬಳೇ ಕೂತೆ. ಪಕ್ಕದಲ್ಲಿ ಬೀರುವಿಲ್ಲ, ಅಟೆಂಡರ್ ಇಲ್ಲ, ಮುಟ್ಟುವುದಕ್ಕೆ ಇನ್ನೊಬ್ಬಳಿಲ್ಲ. ತಾಮ್ರದ ತಂತಿಯ ಸುರುಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುತ್ತ, ಬಿಸಿ ಹೆಚ್ಚಿದಂತೆ ಅದರ ರೋಧ ಎಷ್ಟು ಹೆಚ್ಚುತ್ತದೆ ಎಂದು ಅಳೆಯುವುದು. ಪುಸ್ತಕದಲ್ಲಿ ಡಿಗ್ರಿಗೆ 0.0039. ನನಗೆ ಬಂದದ್ದು 0.0036. ಕೈ ತಾನಾಗಿ ರಬ್ಬರಿಗೆ ತಡಕಾಡಿತು. ಅಲ್ಲಿ ಬರೆಯಲು ಕೊಟ್ಟಿದ್ದದ್ದು ಪೆನ್ನು.

ಅಳಿಸುವ ಹಾಗಿಲ್ಲವಾದ್ದರಿಂದ ಯೋಚಿಸಬೇಕಾಯಿತು. ಅರ್ಧ ಗಂಟೆ ಆ ಎಣ್ಣೆಯ ಪಾತ್ರೆಯನ್ನು ನೋಡುತ್ತ ಕೂತೆ. ಆಮೇಲೆ ಹೊಳೆದದ್ದು ಅಡುಗೆಮನೆಯ ಬುದ್ಧಿಯಿಂದ. ಎಣ್ಣೆ ಕಾದಿದೆ ಎಂದ ಕೂಡಲೇ ಅದರಲ್ಲಿ ಬಿಟ್ಟ ಬೋಂಡದ ಒಳಗು ಕಾದಿರುವುದಿಲ್ಲ. ನಾನು ಉರಿ ಜೋರು ಮಾಡಿ ಅವಸರ ಪಟ್ಟಿದ್ದೆ. ಥರ್ಮಾಮೀಟರ್ ಹೇಳುತ್ತಿದ್ದದ್ದು ಎಣ್ಣೆಯ ಬಿಸಿ. ದಪ್ಪಗೆ ಸುತ್ತಿದ ಸುರುಳಿ ಇನ್ನೂ ಹಿಂದೆ ಇತ್ತು. ಕಾಯಿಸುವುದನ್ನು ನಿಲ್ಲಿಸಿ, ಕಲಕುತ್ತ, ನಿಧಾನವಾಗಿ ಆರುವಾಗ ಮತ್ತೆ ಅಳೆದೆ. 0.0039. ಆ ಮಧ್ಯಾಹ್ನ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಸರಿಯುತ್ತರ ಬಂದದ್ದಕ್ಕಲ್ಲ. ತಪ್ಪು ಉತ್ತರ ನನ್ನೊಡನೆ ಮಾತಾಡಿದ್ದಕ್ಕೆ. ಮೂವತ್ತು ವರ್ಷ ನಾನು ಬಾಯಿ ಮುಚ್ಚಿಸುತ್ತ ಬಂದದ್ದು ಇಂಥ ಮಾತುಗಳನ್ನೇ.

ಕಾಲೇಜಿಗೆ ಹಿಂದಿರುಗಿ ಉಳಿದ ಮೂರು ವರ್ಷ ನನ್ನಿಂದಾದದ್ದು ಮಾಡಿದೆ. ಬೀರುಗಳ ಬೀಗ ತೆಗೆಸಿದೆ. ನನ್ನ ತಂಡದ ಹುಡುಗಿಯರು ಪೆನ್ನಿನಲ್ಲೇ ಬರೆಯಬೇಕು, ತಪ್ಪಿದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಬೇಕು ಎಂದೆ. ಎರಡು ಬೀಕರು, ಒಂದು ಥರ್ಮಾಮೀಟರು ಒಡೆದವು. ದೊಡ್ಡ ಕ್ರಾಂತಿಯೇನೂ ಆಗಲಿಲ್ಲ. ಎಕ್ಸ್‌ಟರ್ನಲ್ ಬಂದಾಗ ಕೆಲವರು ಮತ್ತೆ 980 ಬರೆದರು. ಅವರನ್ನು ನಾನು ಬೈಯಲಿಲ್ಲ. ಬೈಯುವ ಹಕ್ಕು ನನಗಿರಲಿಲ್ಲ.

ಇಷ್ಟೆಲ್ಲ ಹಾಲಿನ ಪಾತ್ರೆ ಹಿಡಿದು ನಿಂತ ಆ ಗಳಿಗೆಯಲ್ಲಿ ಬಂದು ಹೋಯಿತು.

"ಅಳಿಸಬೇಡ," ಎಂದೆ ಮೊಮ್ಮಗಳಿಗೆ. "ಉದ್ದ ಎಲ್ಲಿಂದ ಎಲ್ಲಿಗೆ ಅಳೆದೆ?"

"ಮೊಳೆಯಿಂದ ಗುಂಡಿನವರೆಗೆ. ಸರಿಯಾಗಿ ನೂರು ಸೆಂಟಿಮೀಟರ್."

"ಗುಂಡಿನವರೆಗೆ ಎಂದರೆ ಅದರ ತಲೆಯವರೆಗೋ, ಹೊಟ್ಟೆಯವರೆಗೋ?"

ಅವಳು ಗುಂಡನ್ನು ಕೈಯಲ್ಲಿ ಹಿಡಿದು ನೋಡಿದಳು. ಮೆಲ್ಲಗೆ ಕಣ್ಣರಳಿತು. ಲೋಲಕದ ಉದ್ದ ಗುಂಡಿನ ನಡುವಿನವರೆಗೆ. ಜಾವಾ ಕಾರ್ಖಾನೆಯವರು ತಿರುಗಿಸಿಕೊಟ್ಟ ಗುಂಡಿನ ಅರ್ಧ ವ್ಯಾಸ ಒಂದು ಸೆಂಟಿಮೀಟರ್. ನೂರಲ್ಲ, ನೂರ ಒಂದು. ಲೆಕ್ಕ ಮತ್ತೆ ಹಾಕಿದಳು: 9.77. ನಮ್ಮ ಲೆಕ್ಕದಲ್ಲಿ 977.

"ಇನ್ನೂ 9.8 ಬರಲಿಲ್ಲವಲ್ಲ ಅಜ್ಜಿ."

ಅವಳ ಮೊಬೈಲು 40.41 ಸೆಕೆಂಡು ಎಂದು ಎರಡು ದಶಾಂಶ ತೋರಿಸುತ್ತಿತ್ತು. ಆದರೆ ಅದನ್ನು ಒತ್ತುವ ಬೆರಳು ಅಷ್ಟು ಚುರುಕಲ್ಲ. ಸೆಕೆಂಡಿನ ಹತ್ತನೇ ಒಂದು ಭಾಗ ಬೆರಳು ತಡೆದರೆ 977 ಎಂಬುದು 972 ಆಗುತ್ತದೆ, ಇಲ್ಲವೇ 982. ಆದ್ದರಿಂದ ನಮ್ಮ ಮನೆಯ ಬಾಗಿಲು ಹೇಳುವುದು ಇಷ್ಟೇ: ಜಿ 977ರ ಆಸುಪಾಸು, ಐದು ಹೆಚ್ಚು ಕಡಿಮೆ. ಮೈಸೂರಿನ 978 ಅದರೊಳಗೆ ಇದೆ, ಪುಸ್ತಕದ 980 ಕೂಡ ಇದೆ. ಎರಡರಲ್ಲಿ ಯಾವುದೆಂದು ಹೇಳುವ ಶಕ್ತಿ ಈ ಮೊಳೆ ನೂಲಿಗಿಲ್ಲ. ಇಲ್ಲದ ಶಕ್ತಿಯನ್ನು ಇದೆ ಎಂದು ಬರೆಯಬಾರದು, ಅಷ್ಟೆ. ಇದನ್ನೆಲ್ಲ ಅವಳಿಗೆ ಹೇಳಿದೆ. ಕೇಳಿಸಿಕೊಂಡಳು.

ಆಮೇಲೆ ಕೇಳಿದಳು: "ಕಾಲೇಜಿನಲ್ಲೂ ಹೀಗೇ ಬರೆದರೆ ಮಿಸ್ ಮಾರ್ಕ್ಸ್ ಕಟ್ ಮಾಡಿದರೆ?"

ಕಟ್ ಮಾಡಿದರೆ ಮಾಡಲಿ ಬಿಡು ಎನ್ನುವುದು ನನಗೀಗ ಸುಲಭ. ಅಂಕ ನನ್ನದಲ್ಲ. ಆವತ್ತು ರೈಲು ತಪ್ಪಿಸಿಕೊಂಡು ಎಣಿಸಿದ ಹುಡುಗಿಯ ಅಂಕವೂ ನನ್ನದಾಗಿರಲಿಲ್ಲ. ಅದಕ್ಕೇ ಉತ್ತರ ಹೇಳದೆ ಕಾಫಿ ಸೋಸಲು ಹೋದೆ. ಲೋಟ ಹಿಡಿದು ಬಂದಾಗ ಮೊಮ್ಮಗಳು ಪೆನ್ಸಿಲ್ ಬಿಟ್ಟು ಪೆನ್ನು ತೆಗೆದುಕೊಂಡಿದ್ದಳು. 9.67ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ಗುಂಡಿನ ಅರ್ಧ ಸೇರಿಸಿರಲಿಲ್ಲ' ಎಂದು ಬರೆಯುತ್ತಿದ್ದಳು. ಗುಂಡು ಇನ್ನೂ ಬಾಗಿಲಲ್ಲಿ ತೂಗುತ್ತಿತ್ತು. ಅದು ನಿಲ್ಲುವವರೆಗೆ ಲೋಟ ಹಿಡಿದು ನಾನು ಒಳಗೇ ನಿಂತಿದ್ದೆ.